ಹೇಳಿದ ಬೆಲೆ, ಕೊಟ್ಟ ಬೆಲೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರವನ್ನು ಕಂಡವರು ಅದನ್ನು ಬೇಗ ಮರೆಯಲಾರರು. ಕೊಳ್ಳಬಂದ ರೈತ ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಓರೆಕೋರೆಗಳನ್ನು ಗಮನಿಸುತ್ತಾನೆ. ಬಳಿಕ ದಲ್ಲಾಳಿಯ ಕೈಯ ಮೇಲೆ ಒಂದು ಟವೆಲು ಬೀಳುತ್ತದೆ. ಅದರ ಮರೆಯಲ್ಲಿ ಬೆರಳುಗಳೇ ಬೆಲೆಯ ಮಾತನ್ನಾಡುತ್ತವೆ. ಸುತ್ತ ನೆರೆದವರ ಕಿವಿಗೆ ಒಂದು ಅಕ್ಷರವೂ ಬೀಳುವುದಿಲ್ಲ. ಕೈ ಹೊರಬಂದಾಗ ಎತ್ತಿನ ಜೋಡಿಗೆ ಹೊಸ ಯಜಮಾನ ದೊರೆತಿರುತ್ತಾನೆ. ಇಲ್ಲವೇ ರೈತ ಟವೆಲನ್ನು ಹೆಗಲಿಗೇರಿಸಿ ಮುಂದಿನ ಗೂಟದ ಕಡೆಗೆ ನಡೆದಿರುತ್ತಾನೆ.

ಅದೇ ರೈತನ ಮಗ ಓದಿ, ಬೆಂಗಳೂರು ಸೇರಿ, ಒಂದು ನೌಕರಿ ಹಿಡಿದು, ನಲವತ್ತರ ಅಂಚಿನಲ್ಲಿ ಮನೆಯೊಂದನ್ನು ಕೊಳ್ಳಹೊರಟಾಗ ತಂದೆಯ ವಿದ್ಯೆ ಅವನ ನೆರವಿಗೆ ಬರುವುದು ಅಪರೂಪ. ನಡುಮನೆಯ ನೆಲದ ಹೊಳಪು ಅವನ ಕಣ್ಣನ್ನು ಸೆಳೆಯುತ್ತದೆ. ಅಡಿಗೆಮನೆಯ ಕಪಾಟುಗಳನ್ನು ಕಂಡು ಮಡದಿಯ ಮುಖ ಅರಳುತ್ತದೆ. ಮಕ್ಕಳು ಆಗಲೇ ತಮ್ಮ ತಮ್ಮ ಕೋಣೆಗಳನ್ನು ಹಂಚಿಕೊಂಡಿರುತ್ತಾರೆ. ಬೆಲೆ ತೊಂಬತ್ತೆರಡು ಲಕ್ಷ ಎಂದಾಗ ಅವನು ಉಗುಳು ನುಂಗಿ, “ಸ್ವಲ್ಪ ನೋಡಿ ಹೇಳಿ, ಸಾರ್” ಎನ್ನುತ್ತಾನೆ. ಮಾರುವವರು ಒಂದು ಲಕ್ಷ ಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಸೊಪ್ಪಿನ ಗಾಡಿಯ ಮುಂದೆ ಎರಡು ರೂಪಾಯಿಗಾಗಿ ಹತ್ತು ನಿಮಿಷ ವಾದಿಸುವ ಸಂಸಾರ, ಜೀವಮಾನದ ಉಳಿತಾಯವನ್ನು ಹತ್ತೇ ನಿಮಿಷದಲ್ಲಿ ಒಪ್ಪಿಸಿಬಿಡುತ್ತದೆ.

ಇದಕ್ಕೆ ಸಂಕೋಚವೂ ಕಾರಣ, ಭಯವೂ ಕಾರಣ. ಬೆಲೆ ಕೇಳಿದರೆ ತಮ್ಮ ಯೋಗ್ಯತೆಯನ್ನು ಕೀಳಾಗಿ ಎಣಿಸಿಯಾರೆಂಬ ಸಂಕೋಚ. ಹೆಚ್ಚು ಎಳೆದರೆ ಮನೆ ಬೇರೆಯವರ ಪಾಲಾದೀತೆಂಬ ಭಯ. ಇವೆರಡನ್ನೂ ಕಳೆಯುವ ಔಷಧ ಒಂದೇ: ತಿಳಿವಳಿಕೆ. ಮನೆಯ ಬೆಲೆಯನ್ನು ಇಳಿಸುವುದು ಮಾತಿನ ಜಾಣ್ಮೆಯಿಂದ ಆಗುವ ಕೆಲಸವೆಂದು ಹಲವರು ಭಾವಿಸಿದ್ದಾರೆ. ಆದರೆ ಮಾತಿಗೆ ಕುಳಿತುಕೊಳ್ಳುವ ಮೊದಲೇ ಆ ಕೆಲಸದ ಮುಕ್ಕಾಲು ಪಾಲು ಮುಗಿದಿರಬೇಕು.

ಐದು ಲಕ್ಷವೆಂದರೆ ಎಷ್ಟು?

ತೊಂಬತ್ತು ಲಕ್ಷದ ಮಾತಿನಲ್ಲಿ ಐದು ಲಕ್ಷ ದೊಡ್ಡದಾಗಿ ಕಾಣುವುದಿಲ್ಲ. ಅದನ್ನು ಸಂಸಾರದ ಲೆಕ್ಕಕ್ಕೆ ತಿರುಗಿಸಿದರೆ ಅದರ ನಿಜರೂಪ ತೋರುತ್ತದೆ. ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ 5 ಲಕ್ಷ ರೂಪಾಯಿ ಸಾಲ ತಂದರೆ ತಿಂಗಳ ಕಂತು ಸುಮಾರು 4,339 ರೂಪಾಯಿ. 240 ಕಂತುಗಳು ತೀರುವ ಹೊತ್ತಿಗೆ ಬ್ಯಾಂಕಿಗೆ ಸಂದ ಹಣ 10 ಲಕ್ಷ 41 ಸಾವಿರ. ಅಂದರೆ ಬೆಲೆಯಲ್ಲಿ ಐದು ಲಕ್ಷ ಇಳಿಸಿದ ಗೃಹಸ್ಥ, ಇಪ್ಪತ್ತು ವರ್ಷದ ದುಡಿಮೆಯಲ್ಲಿ ಹತ್ತು ಲಕ್ಷವನ್ನು ಉಳಿಸಿದಂತೆ. ಅದರಲ್ಲಿ ಮಗಳ ಓದು ನಡೆಯುತ್ತದೆ. ತಾಯಿಯ ಔಷಧೋಪಚಾರ ನಡೆಯುತ್ತದೆ.

ಸರಕಾರಕ್ಕೆ ಸಲ್ಲುವ ಶುಲ್ಕವೂ ಇದರೊಡನೆ ಇಳಿಯುತ್ತದೆ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5. ಆ ಶುಲ್ಕದ ಮೇಲೆ ಶೇಕಡಾ 10ರ ಉಪಕರ, ನಗರ ಪ್ರದೇಶದಲ್ಲಿ ಶೇಕಡಾ 2ರ ಅಧಿಕಭಾರ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು ಶೇಕಡಾ 2 ಆಗಿದೆ. ಎಲ್ಲ ಕೂಡಿದರೆ ನೂರಕ್ಕೆ 7 ರೂಪಾಯಿ 60 ಪೈಸೆ. ಐದು ಲಕ್ಷ ಇಳಿದಲ್ಲಿ ಈ ಬಾಬಿನಲ್ಲಿಯೂ 38,000 ರೂಪಾಯಿ ಉಳಿಯುವುದು. ಇಷ್ಟು ದೊಡ್ಡ ಹಣದ ಪ್ರಶ್ನೆಯಲ್ಲಿ ಬಾಯಿ ತೆರೆಯಲು ನಾಚುವುದು ಸೌಜನ್ಯವೆನಿಸದು.

ಒಂದು ಮನೆಗೆ ಹಲವು ಬೆಲೆ

ಮಾರುವವರ ಬಾಯಿಂದ ಬಂದ ಮೊತ್ತವನ್ನೇ ಮನೆಯ ಬೆಲೆಯೆಂದು ತಿಳಿಯುವುದು ಮೊದಲನೆಯ ತಪ್ಪು. ಅದು ಅವರ ಅಪೇಕ್ಷೆ ಮಾತ್ರ. ಎರಡನೆಯದು ಸರಕಾರದ ಮಾರ್ಗಸೂಚಿ ಬೆಲೆ. 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದಂತೆ ಇದು ಬಡಾವಣೆ ಬಡಾವಣೆಗೆ, ಎಷ್ಟೋ ಕಡೆ ರಸ್ತೆ ರಸ್ತೆಗೆ ಬೇರೆಬೇರೆಯಾಗಿ ನಿಗದಿಯಾಗಿರುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಮೂರನೆಯದು ಅದೇ ಬೀದಿಯಲ್ಲಿ, ಅಂಥದೇ ಮನೆ ಇತ್ತೀಚೆಗೆ ಕೈಬದಲಾಯಿಸಿದ ಬೆಲೆ. ನಾಲ್ಕನೆಯದು ಬ್ಯಾಂಕಿನ ಮೌಲ್ಯಮಾಪಕ ಬಂದು ನೋಡಿ ಕಟ್ಟುವ ಬೆಲೆ.

ಈ ನಾಲ್ಕರಲ್ಲಿ ಮೂರನೆಯದು ಅತ್ಯಂತ ಉಪಯುಕ್ತ. ಹುಡುಕಲು ಕಷ್ಟವಾದದ್ದೂ ಅದೇ. ಜಾಹೀರಾತುಗಳಲ್ಲಿ ಕಾಣುವುದೆಲ್ಲ ಕೇಳುವ ಬೆಲೆಗಳು. ಕೊಟ್ಟ ಬೆಲೆ ತಿಳಿಯಬೇಕಾದರೆ ಬೀದಿಯಲ್ಲಿ ನಾಲ್ಕು ಬಾರಿ ಓಡಾಡಬೇಕು. ಮೂಲೆಯ ಅಂಗಡಿಯವನು, ಇಸ್ತ್ರಿ ಮಾಡುವವನು, ಬೆಳಗ್ಗೆ ವಾಯುವಿಹಾರಕ್ಕೆ ಹೊರಡುವ ನಿವೃತ್ತರು—ಇವರಿಗೆ ತಿಳಿಯದ ಸಂಗತಿ ಬಡಾವಣೆಯಲ್ಲಿ ಇರುವುದಿಲ್ಲ.

ಕೊಳ್ಳಬೇಕೆಂದಿರುವ ಸ್ವತ್ತಿನ ಋಣಭಾರ ಪ್ರಮಾಣಪತ್ರವನ್ನು ತೆಗೆಸಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಆ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ವಿಭಾಗ ಮೊದಲಾದ ವ್ಯವಹಾರಗಳು ಅದರಲ್ಲಿ ವರ್ಷದೊಡನೆ, ಮೊತ್ತದೊಡನೆ ನಮೂದಾಗಿರುತ್ತವೆ. ಈಗಿನ ಒಡೆಯರು ಅದನ್ನು ಎಂದು ಕೊಂಡರು, ಪತ್ರದ ಪ್ರಕಾರ ಎಷ್ಟು ಕೊಟ್ಟರು, ಯಾವ ಬ್ಯಾಂಕಿನಲ್ಲಿ ಅಡವಿದೆ ಎಂಬುದೆಲ್ಲ ಅಲ್ಲಿ ತೋರುತ್ತದೆ. ಅಗ್ಗವಾಗಿ ಕೊಂಡವರು ಅಗ್ಗವಾಗಿಯೇ ಮಾರಬೇಕೆಂಬ ನಿಯಮವೇನೂ ಇಲ್ಲ. ಆದರೂ, “ನನಗೇ ಇಷ್ಟು ಬಿದ್ದಿದೆ, ಸ್ವಾಮಿ” ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ಈ ಕಾಗದ ಕಂಡವನಿಗೆ ತಿಳಿದಿರುತ್ತದೆ.

ಮನೆಯ ಹಲ್ಲು ನೋಡುವುದು

ಎತ್ತಿಗೆ ಹಲ್ಲು ಹೇಗೋ ಮನೆಗೆ ಗೋಡೆಯ ಬುಡ ಹಾಗೆ. ಹೊಸದಾಗಿ ಬಣ್ಣ ಬಳಿದ ಮನೆಯನ್ನು ಹಗಲಿನಲ್ಲಿ ಒಮ್ಮೆ, ಮಳೆ ಬಿದ್ದ ಮರುದಿನ ಒಮ್ಮೆ ನೋಡಬೇಕು. ಬಚ್ಚಲಿನ ಹಿಂದಣ ಗೋಡೆಯಲ್ಲಿ ತೇವ, ತಾರಸಿಯ ಮೂಲೆಯಲ್ಲಿ ಪಾಚಿ, ಸಜ್ಜೆಯ ಕೆಳಗೆ ಕಬ್ಬಿಣದ ಸರಳಿನ ತುಕ್ಕು, ಕಿಟಕಿಯ ಚೌಕಟ್ಟಿಗೆ ಹಿಡಿದ ಗೆದ್ದಲು—ಇವುಗಳನ್ನು ಬಣ್ಣ ಬಹಳ ಕಾಲ ಮರೆಮಾಡಲಾರದು. ಬೆಂಗಳೂರಿನ ಮನೆಯಾದರೆ ಕಾವೇರಿ ನೀರಿನ ಸಂಪರ್ಕವಿದೆಯೇ, ಕೊಳವೆಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಬರುವುದೇ, ಸಂಪಿನಲ್ಲಿ ಬಿರುಕಿದೆಯೇ ಎಂಬುದನ್ನು ಕೇಳದೆ ಹಿಂದಿರುಗಬಾರದು. ಅನುಭವಿಯಾದ ಎಂಜಿನಿಯರರೊಬ್ಬರನ್ನು ಜೊತೆಗೆ ಕರೆದೊಯ್ದು, ಯಾವ ದುರಸ್ತಿಗೆ ಎಷ್ಟು ತಗಲೀತೆಂಬ ಅಂದಾಜನ್ನು ಬರೆಸಿಕೊಳ್ಳುವುದು ಉತ್ತಮ. ಅವರಿಗೆ ಕೊಡುವ ಗೌರವಧನವು ಈ ವ್ಯವಹಾರದಲ್ಲೆಲ್ಲ ಅತ್ಯಂತ ಲಾಭದಾಯಕವಾದ ವೆಚ್ಚ.

ಹೀಗೆ ಸಿದ್ಧರಾಗಿ ಹೋದವರ ಮಾತಿನ ಧಾಟಿಯೇ ಬೇರೆ. ಹಳೆಯ ಬಡಾವಣೆಯೊಂದರಲ್ಲಿ ತೊಂಬತ್ತೆರಡು ಲಕ್ಷ ಹೇಳಿದ ಮನೆಯ ಮುಂದೆ ಅಂಥ ದಂಪತಿಗಳು ಕುಳಿತಿದ್ದಾರೆಂದು ಭಾವಿಸಬಹುದು. ಮನೆಯ ಯಜಮಾನರು ನಿವೃತ್ತರು. ಕಾಫಿ ಬಂದಿದೆ.

“ರಾಯರೇ, ಮನೆ ನಮ್ಮಿಬ್ಬರಿಗೂ ಒಪ್ಪಿಗೆಯಾಗಿದೆ. ಗಾಳಿ ಬೆಳಕು ಚೆನ್ನಾಗಿದೆ. ನೀವು ಅದನ್ನು ಅಕ್ಕರೆಯಿಂದ ಇಟ್ಟುಕೊಂಡಿದ್ದೀರಿ ಎಂಬುದು ನೋಡಿದರೇ ತಿಳಿಯುತ್ತದೆ” ಎಂದು ಕೊಳ್ಳುವವರು ಆರಂಭಿಸುತ್ತಾರೆ. “ಆದರೆ ಹಿಂದಿನ ರಸ್ತೆಯಲ್ಲಿ ಇದೇ ಅಳತೆಯ ನಿವೇಶನದ ಮನೆ ಕಳೆದ ವರ್ಷ ಎಂಬತ್ತೆಂಟಕ್ಕೆ ಹೋಗಿದೆ. ಇದರ ತಾರಸಿಗೆ, ವಿದ್ಯುತ್ ತಂತಿಗಳಿಗೆ, ಬಚ್ಚಲಿನ ಕೊಳವೆಗಳಿಗೆ ನಾಲ್ಕು ಲಕ್ಷ ಆಗಬಹುದೆಂದು ಎಂಜಿನಿಯರರು ಬರೆದುಕೊಟ್ಟಿದ್ದಾರೆ. ಇಗೋ, ತಾವೂ ನೋಡಿ. ಎಂಬತ್ತನಾಲ್ಕಕ್ಕೆ ನಾವು ಸಿದ್ಧ.”

ಯಜಮಾನರು ಕನ್ನಡಕ ಏರಿಸಿಕೊಂಡು ಕಾಗದವನ್ನು ಓದುತ್ತಾರೆ. “ತಾರಸಿಯ ಮಾತು ಒಪ್ಪುತ್ತೇನೆ. ತಂತಿ ಹತ್ತು ವರ್ಷದ್ದು, ಅದಕ್ಕೇನಾಗಿದೆ? ಹಿಂದಿನ ರಸ್ತೆಯ ಮನೆಗೆ ಕಾವೇರಿ ನೀರಿಲ್ಲ. ತೊಂಬತ್ತಕ್ಕೆ ಕಡಿಮೆ ಆಗದು.”

“ನೀರಿನ ವಿಷಯ ನಿಜ. ಅದಕ್ಕೆ ನಾವೂ ಒಂದಿಷ್ಟು ಸೇರಿಸೋಣ” ಎಂದು ಮಡದಿ ಮಾತನಾಡುತ್ತಾರೆ. “ಯಜಮಾನರೇ, ಬ್ಯಾಂಕಿನ ಸಾಲಕ್ಕೆ ನಮಗೆ ತಾತ್ತ್ವಿಕ ಒಪ್ಪಿಗೆ ದೊರೆತಿದೆ. ಕಾಗದಪತ್ರ ಸರಿಯಿದ್ದರೆ ಎರಡು ತಿಂಗಳಲ್ಲಿ ಪೂರ್ತಿ ಹಣ ನಿಮ್ಮ ಕೈಸೇರುತ್ತದೆ. ಮನೆಯನ್ನು ಆಮೇಲೆ ಒಂದು ತಿಂಗಳು ಬಿಟ್ಟು ತೆರವು ಮಾಡಿದರೂ ಆದೀತು.”

ಈ ಕೊನೆಯ ಮಾತು ಒಳಗಿದ್ದ ಮನೆಯೊಡತಿಯ ಕಿವಿಗೆ ಬೀಳುತ್ತದೆ. ಮಗನ ಊರಿಗೆ ಸಾಮಾನು ಸಾಗಿಸುವುದು ಹೇಗೆಂಬುದೇ ಆಕೆಯ ಚಿಂತೆಯಾಗಿತ್ತು. ಮೂರನೆಯ ಭೇಟಿಯಲ್ಲಿ ವ್ಯಾಪಾರ 86 ಲಕ್ಷ 50 ಸಾವಿರಕ್ಕೆ ಕುದುರುತ್ತದೆ. ಬಾಕಿಯಿದ್ದ ಆಸ್ತಿ ತೆರಿಗೆಯನ್ನು ಮಾರುವವರೇ ಕಟ್ಟುತ್ತಾರೆ. ತೇಗದ ಕಪಾಟುಗಳೂ ತೂಗುಮಂಚವೂ ಮನೆಯಲ್ಲೇ ಉಳಿಯುತ್ತವೆ.

ಈ ಸಂಭಾಷಣೆಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಕೊಳ್ಳುವವರು ಮನೆಯನ್ನು ಹಳಿಯಲಿಲ್ಲ. ಮೂವತ್ತು ವರ್ಷ ಬಾಳಿದ ಮನೆಯನ್ನು ಹಳಿದರೆ ಕೇಳುವವರ ಮನಸ್ಸು ಮುದುಡಿ ಮಾತೇ ನಿಲ್ಲುತ್ತದೆ. ಅವರು ಹೇಳಿದ ಪ್ರತಿಯೊಂದು ಅಂಕಿಗೂ ಒಂದು ಆಧಾರವಿತ್ತು. ಹಣವನ್ನು ಬಿಟ್ಟು ಬೇರೇನನ್ನು ಕೊಡಬಹುದೆಂಬುದನ್ನೂ ಅವರು ಯೋಚಿಸಿದ್ದರು.

ಮಾರುವವರ ಗರಜು, ದಲ್ಲಾಳಿಯ ಲೆಕ್ಕ

ಮನೆಯನ್ನು ಯಾರೂ ವಿನೋದಕ್ಕಾಗಿ ಮಾರುವುದಿಲ್ಲ. ಸಾಲ ತೀರಿಸಬೇಕಾಗಿರಬಹುದು, ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳಬೇಕಾಗಿರಬಹುದು, ಮಕ್ಕಳು ಪರದೇಶದಲ್ಲಿದ್ದು ಇಳಿವಯಸ್ಸಿನವರಿಗೆ ಮಹಡಿ ಹತ್ತುವುದು ಕಷ್ಟವಾಗಿರಬಹುದು, ಇನ್ನೊಂದು ಮನೆಗೆ ಮುಂಗಡ ಕೊಟ್ಟು ಗಡುವು ಹತ್ತಿರವಾಗಿರಬಹುದು. ಕಾರಣ ತಿಳಿದರೆ ಅವರಿಗೆ ಬೆಲೆ ಮುಖ್ಯವೋ ಕಾಲ ಮುಖ್ಯವೋ ಎಂಬುದು ತಿಳಿಯುತ್ತದೆ. ಕಾಲ ಮುಖ್ಯವಾದವರಿಗೆ ಬೇಗ ಹಣ ಕೊಡಬಲ್ಲವನ ಎಂಬತ್ತಾರು, ಆರು ತಿಂಗಳ ಬಳಿಕ ಬರಬಹುದಾದ ತೊಂಬತ್ತಕ್ಕಿಂತ ಮೇಲು. ಆದ್ದರಿಂದ ಸಾಲದ ಏರ್ಪಾಡನ್ನು ಮೊದಲೇ ಮಾಡಿಕೊಂಡು ಮಾತಿಗೆ ಹೋಗುವುದು ಜಾಣತನ.

ನಮ್ಮ ಪಂಚಾಂಗಕ್ಕೂ ಬೆಲೆಗೂ ನಂಟುಂಟು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆಯ ಮಾತೆತ್ತಲು ಹೆಚ್ಚಿನವರು ಹಿಂಜರಿಯುತ್ತಾರೆ. ಕೊಳ್ಳುವವರು ವಿರಳವಾದ ಆ ದಿನಗಳಲ್ಲಿ ಬಂದವನಿಗೆ ಮಾರುವವರ ಕಿವಿ ಹೆಚ್ಚು ತೆರೆದಿರುತ್ತದೆ. ಮಾತನ್ನು ಆಷಾಢದಲ್ಲಿ ಮುಗಿಸಿ ಕ್ರಯಪತ್ರವನ್ನು ಶ್ರಾವಣದಲ್ಲಿ ನೋಂದಾಯಿಸಿದರೆ ಮನೆಯ ಹಿರಿಯರಿಗೂ ಸಮಾಧಾನ. ದಕ್ಷಿಣಕ್ಕೆ ಬಾಗಿಲಿರುವ ಮನೆಗಳ ವಿಷಯವೂ ಹೀಗೆಯೇ: ವಾಸ್ತುವಿನ ಚಿಂತೆಯಿಲ್ಲದವರಿಗೆ ಅವು ಸ್ವಲ್ಪ ಕಡಿಮೆಗೆ ದೊರೆಯುತ್ತವೆ. ಆದರೆ ನಾಳೆ ಅದನ್ನು ಮಾರಬೇಕಾಗಿ ಬಂದಾಗ ಇದೇ ರಿಯಾಯಿತಿಯನ್ನು ತಾವೂ ಕೊಡಬೇಕಾದೀತೆಂಬುದನ್ನು ಮರೆಯಬಾರದು.

ದಲ್ಲಾಳಿ ಯಾರ ಪಕ್ಷ? ಬಹುತೇಕ ಅವನದು ವ್ಯಾಪಾರದ ಪಕ್ಷ. ನೂರಕ್ಕೆ ಒಂದು ರೂಪಾಯಿಯಂತೆ ದಲ್ಲಾಳಿ ಪಡೆಯುವವನಿಗೆ ಐದು ಲಕ್ಷ ಇಳಿದರೆ ಆಗುವ ನಷ್ಟ ಐದು ಸಾವಿರ. ವ್ಯಾಪಾರ ಮುರಿದರೆ ಎಂಬತ್ತೈದು ಸಾವಿರಕ್ಕೂ ಹೆಚ್ಚು ನಷ್ಟ. ಆದಕಾರಣ ಯಾರು ಬೇಗ ಬಾಗುವರೋ ಅವರನ್ನೇ ಅವನು ಬಾಗಿಸುತ್ತಾನೆ. “ಇವತ್ತು ಸಂಜೆಯೇ ಇನ್ನೊಬ್ಬರು ಮುಂಗಡ ತರುತ್ತಾರೆ” ಎಂಬ ಮಾತು ಕೇಳಿದಾಗ ಆತುರಪಡದೆ, “ಅವರಿಗೇ ಆಗಲಿ, ಸಂತೋಷ” ಎನ್ನಬಲ್ಲ ಗೃಹಸ್ಥನಿಗೆ ಮಾತ್ರ ಬೆಲೆ ಇಳಿಯುತ್ತದೆ. ಹಾಗೆನ್ನಲು ಧೈರ್ಯ ಬರಬೇಕಾದರೆ ನೋಡಿಟ್ಟ ಮನೆ ಒಂದೇ ಆಗಿರಬಾರದು.

ಬಹುಮಹಡಿಯ ಹೊಸ ಮನೆಗಳು

ನಿರ್ಮಾಣ ಸಂಸ್ಥೆಗಳಿಂದ ಹೊಸ ಫ್ಲಾಟು ಕೊಳ್ಳುವವರ ಚೌಕಾಸಿ ಬೇರೆ ಬಗೆಯದು. ಅಲ್ಲಿ ಚದರಡಿಯ ದರವನ್ನು ಇಳಿಸಲು ಮಾರುವವರು ಸುಲಭವಾಗಿ ಒಪ್ಪುವುದಿಲ್ಲ. ಒಬ್ಬರಿಗೆ ಇಳಿಸಿದ ದರ ನಾಳೆ ನೂರು ಮಂದಿಗೆ ಮೇಲ್ಪಂಕ್ತಿಯಾಗುತ್ತದೆ. ಆದರೆ ಎತ್ತರದ ಅಂತಸ್ತಿಗಾಗಿ ಕೇಳುವ ಹೆಚ್ಚಿನ ದರ, ಕ್ಲಬ್ಬಿನ ಶುಲ್ಕ, ಮೊದಲ ವರ್ಷಗಳ ನಿರ್ವಹಣೆಯ ಹಣ, ಅಡಿಗೆಮನೆಯ ಕಪಾಟುಗಳು—ಇಂಥವುಗಳಲ್ಲಿ ಬಿಟ್ಟುಕೊಡಲು ಅವರಿಗೆ ಅಡ್ಡಿಯಿಲ್ಲ. ಆದ್ದರಿಂದ ಬಿಡಿ ಬಿಡಿ ಬಾಬುಗಳನ್ನೆಲ್ಲ ಕೂಡಿಸಿ, ಬೀಗದ ಕೈ ಹಿಡಿಯುವವರೆಗೆ ಒಟ್ಟು ಎಷ್ಟೆಂಬುದನ್ನು ಬರೆಸಿಕೊಂಡು ಆ ಒಟ್ಟು ಮೊತ್ತದ ಮೇಲೆ ಮಾತನಾಡಬೇಕು.

2016ರ ರೇರಾ ಶಾಸನವು ಕೊಳ್ಳುವವರ ಕೈಗೆ ಕೆಲವು ಸಾಧನಗಳನ್ನು ಕೊಟ್ಟಿದೆ. ಗೋಡೆಗಳ ನಡುವೆ ನಿಜವಾಗಿ ಬಳಕೆಗೆ ಸಿಗುವ ‘ಕಾರ್ಪೆಟ್’ ವಿಸ್ತೀರ್ಣವನ್ನು ತಿಳಿಸುವುದು ಕಡ್ಡಾಯ. ಕಾಗದದಲ್ಲಿ ದೊಡ್ಡದಾಗಿ ಕಾಣುವ ‘ಸೂಪರ್ ಬಿಲ್ಟ್‌ಅಪ್’ ಅಂಕಿಯನ್ನು ಪಕ್ಕಕ್ಕಿಟ್ಟು, ಒಟ್ಟು ಬೆಲೆಯನ್ನು ಕಾರ್ಪೆಟ್ ವಿಸ್ತೀರ್ಣದಿಂದ ಭಾಗಿಸಿ ನೋಡಿದರೆ, ಅಗ್ಗವೆಂದುಕೊಂಡ ಮನೆ ಎಷ್ಟೋ ಸಲ ತುಟ್ಟಿಯಾಗಿ ತೋರುತ್ತದೆ. ತೆರೆದ ವಾಹನ ನಿಲುಗಡೆಯ ಜಾಗ ಎಲ್ಲರಿಗೂ ಸೇರಿದ್ದು. ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವಂತಿಲ್ಲ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಶೇಕಡಾ 10ಕ್ಕೆ ಮೀರಿ ಮುಂಗಡ ಪಡೆಯುವಂತಿಲ್ಲ. ಇದಲ್ಲದೆ ನಿರ್ಮಾಣದ ಹಂತದಲ್ಲಿರುವ ಮನೆಗೆ ಶೇಕಡಾ 5ರ ಜಿ.ಎಸ್.ಟಿ. ಇದೆ, ಕಟ್ಟಡ ಪೂರ್ಣಗೊಂಡು ಪ್ರಮಾಣಪತ್ರ ದೊರೆತ ಬಳಿಕ ಕೊಂಡ ಮನೆಗೆ ಅದಿಲ್ಲ. 80 ಲಕ್ಷದ ಮನೆಯಲ್ಲಿ ಈ ವ್ಯತ್ಯಾಸವೊಂದೇ 4 ಲಕ್ಷ. ಎರಡು ಮನೆಗಳ ಬೆಲೆಯನ್ನು ತೂಗುವಾಗ ಇದನ್ನು ತಕ್ಕಡಿಯಲ್ಲಿ ಇಡದಿದ್ದರೆ ತೂಕ ತಪ್ಪುತ್ತದೆ.

ಚೌಕಾಸಿಗೆ ಒಳಪಡದ ದೋಷ

ಗೋಡೆಯ ಬಿರುಕಿಗೆ ಬೆಲೆ ಕಟ್ಟಬಹುದು. ಹಕ್ಕಿನ ಬಿರುಕಿಗೆ ಬೆಲೆ ಕಟ್ಟಲಾಗದು. ಇದು ಮನೆ ಕೊಳ್ಳುವವರು ನೆನಪಿಡಬೇಕಾದ ಮುಖ್ಯವಾದ ಮಾತು. “ಕಾಗದದಲ್ಲಿ ಸಣ್ಣ ತೊಡಕಿದೆ, ಅದಕ್ಕೇ ಹತ್ತು ಲಕ್ಷ ಕಡಿಮೆ” ಎಂದು ಯಾರಾದರೂ ಹೇಳಿದರೆ ಆ ಹತ್ತು ಲಕ್ಷ ರಿಯಾಯಿತಿಯೆಂದು ತಿಳಿಯಬಾರದು. ಅದು ಮುಂದಿನ ಇಪ್ಪತ್ತು ವರ್ಷದ ನ್ಯಾಯಾಲಯದ ಅಲೆದಾಟಕ್ಕೆ ಕೊಟ್ಟ ಮುಂಗಡ.

ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಸಮಾನ ಹಕ್ಕಿದೆಯೆಂದು 2005ರ ತಿದ್ದುಪಡಿ ಹೇಳಿತು. ಆ ಹಕ್ಕಿಗೆ ತಂದೆ 2005ರಲ್ಲಿ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ, ಅಕ್ಕತಂಗಿಯರ ಸಹಿಯಿಲ್ಲದ ಪತ್ರವನ್ನು ನಂಬಿ ಹಣ ಕೊಡುವುದು ಅಪಾಯಕರ. ಕೇವಲ ಅಧಿಕಾರಪತ್ರದ, ಅಂದರೆ ಜಿ.ಪಿ.ಎ.ಯ, ಮೂಲಕ ನಡೆದ ‘ಮಾರಾಟ’ದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಅದೇ ನ್ಯಾಯಾಲಯ 2011ರಲ್ಲಿ ಹೇಳಿದೆ. ಬೆಂಗಳೂರಿನಲ್ಲಿ ‘ಬಿ’ ಖಾತೆಯ ಸ್ವತ್ತುಗಳಿಗೆ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂದೆಗೆಯುತ್ತವೆ. 2024ರಿಂದ ಅಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಮೂಲಪತ್ರ, ಖಾತೆ, ಋಣಭಾರ ಪತ್ರ, ಮಂಜೂರಾದ ನಕ್ಷೆ, ತೆರಿಗೆಯ ರಸೀದಿ—ಇವುಗಳನ್ನು ವಕೀಲರು ಓದಿ ಸರಿಯೆಂದ ಮೇಲೆಯೇ ಬೆಲೆಯ ಅಂತಿಮ ಮಾತು. ವಕೀಲರನ್ನು ತಾವೇ ಗೊತ್ತುಮಾಡಿಕೊಳ್ಳಬೇಕು; ದಲ್ಲಾಳಿ ಕರೆತಂದವರಿಂದ ಈ ಕೆಲಸ ಆಗದು.

ಇಳಿದಂತೆ ತೋರುವ ಬೆಲೆ

ಇಷ್ಟೆಲ್ಲ ಎಚ್ಚರ ವಹಿಸಿದವರೂ ಎಡವುವ ಒಂದು ಮೆಟ್ಟಿಲು ಉಳಿದಿದೆ. ಮಾತು ಎಂಬತ್ತಾರೂವರೆಗೆ ಬಂದು ನಿಂತಾಗ ಮಾರುವವರೋ ದಲ್ಲಾಳಿಯೋ ದನಿ ತಗ್ಗಿಸಿ ಹೇಳುತ್ತಾರೆ: “ಪತ್ರದಲ್ಲಿ ಅರವತ್ತಾರೂವರೆ ತೋರಿಸೋಣ. ಇಪ್ಪತ್ತು ಕೈಗೆ ಕೊಡಿ. ನಿಮಗೂ ಮುದ್ರಾಂಕದ ಖರ್ಚು ಉಳಿಯುತ್ತದೆ. ಬೇಕಾದರೆ ಇನ್ನೊಂದು ಲಕ್ಷ ಬಿಡುತ್ತೇನೆ.” ಜಾತ್ರೆಯ ಟವೆಲು ಇಲ್ಲಿಯೂ ಬೀಳುತ್ತದೆ, ಆದರೆ ಇಲ್ಲಿ ಅದರ ಮರೆಯಲ್ಲಿ ಕುಳಿತವರ ಕಣ್ಣಿಗೇ ಏನೂ ಕಾಣದಂತಾಗುತ್ತದೆ.

ಇದರ ಲೆಕ್ಕವನ್ನು ಬೆಳಕಿನಲ್ಲಿ ಮಾಡಬೇಕು. ಇಪ್ಪತ್ತು ಲಕ್ಷದ ಮೇಲೆ ಉಳಿಯುವ ಶುಲ್ಕ, ನೂರಕ್ಕೆ 7.60ರಂತೆ, 1 ಲಕ್ಷ 52 ಸಾವಿರ. ಮಾರುವವರು ಬಿಟ್ಟ ಒಂದು ಲಕ್ಷವನ್ನು ಸೇರಿಸಿದರೆ 2 ಲಕ್ಷ 52 ಸಾವಿರ. ಈಗ ಇನ್ನೊಂದು ಕಡೆ. ಮುಂದೆಂದಾದರೂ ಮನೆಯನ್ನು ಮಾರಿದಾಗ ಕೊಂಡ ಬೆಲೆ ಅರವತ್ತಾರೂವರೆ ಲಕ್ಷವೆಂದೇ ಗಣನೆಗೆ ಬರುತ್ತದೆ. ಕೈಯಲ್ಲಿ ಕೊಟ್ಟ ಇಪ್ಪತ್ತು ಲಕ್ಷವೂ ಲಾಭವೆಂದು ಎಣಿಸಲ್ಪಟ್ಟು, ಈಗಿನ ಶೇಕಡಾ 12.5ರ ದರದಲ್ಲಿ ಅದರ ಮೇಲೆ ಎರಡೂವರೆ ಲಕ್ಷ ತೆರಿಗೆ ಬೀಳುತ್ತದೆ. ಉಳಿದದ್ದು ಅಲ್ಲಿಗೆ ಹೋಯಿತು. ಇತ್ತ ಬ್ಯಾಂಕು ಪತ್ರದ ಬೆಲೆಯನ್ನು ನೋಡಿ ಸಾಲ ಕೊಡುತ್ತದೆ. ನೂರಕ್ಕೆ ಎಂಬತ್ತರಂತೆ ದೊರೆಯಬಹುದಾಗಿದ್ದ ಸಾಲದಲ್ಲಿ ಹದಿನಾರು ಲಕ್ಷ ಕೈಬಿಡುತ್ತದೆ. ಅದನ್ನು ಹೊಂದಿಸಲು ಒಡವೆ ಅಡವಿಡಬೇಕು, ಇಲ್ಲವೇ ಕೈಸಾಲ ಮಾಡಬೇಕು.

ಅಪಾಯ ಇನ್ನೂ ಇದೆ. ಸ್ಥಿರಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ವಿಧಿಸಬಹುದು. ಪತ್ರದ ಬೆಲೆಗಿಂತ ಮಾರ್ಗಸೂಚಿ ಬೆಲೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿದ್ದರೆ ಆ ವ್ಯತ್ಯಾಸ ಕೊಳ್ಳುವವರ ಆದಾಯವೆಂದೇ ಪರಿಗಣಿತವಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ರಸೀದಿಯಿಲ್ಲದೆ ಕೊಟ್ಟ ಹಣಕ್ಕೆ ಸಾಕ್ಷಿಯಿಲ್ಲ. ವ್ಯಾಪಾರ ನಡುವೆ ಮುರಿದರೆ ಅದನ್ನು ಮರಳಿ ಕೇಳುವುದಕ್ಕೆ ಯಾವ ಕಾಗದವೂ ನೆರವಾಗದು. 1986ರಿಂದ 2002ರವರೆಗೆ ಇನ್ನೊಂದು ವಿಧಿಯೂ ಇತ್ತು: ದೊಡ್ಡ ಸ್ವತ್ತಿಗೆ ಕಡಿಮೆ ಬೆಲೆ ತೋರಿಸಿದ್ದಾರೆಂದು ಕಂಡರೆ, ಅದೇ ಬೆಲೆಗೆ ಸರಕಾರವೇ ಅದನ್ನು ಕೊಂಡುಕೊಳ್ಳಬಹುದಾಗಿತ್ತು. ಆ ವಿಧಿ ಈಗಿಲ್ಲ. ಆದರೆ ಸುಳ್ಳು ಬೆಲೆ ಬರೆದ ಕಾಗದ ಬರೆದವರನ್ನೇ ಕಚ್ಚುವುದು ಈಗಲೂ ತಪ್ಪಿಲ್ಲ.

ಬೆಲೆ ನಿಜವಾಗಿ ಇಳಿದಿದ್ದರೆ ಇಳಿದ ಬೆಲೆಯೇ ಪತ್ರದಲ್ಲಿ ಕಾಣಬೇಕು. ಹಣವೆಲ್ಲ ಬ್ಯಾಂಕಿನ ಮೂಲಕ ಸಲ್ಲಬೇಕು. 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಸ್ವತ್ತಿನ ಹಣದಲ್ಲಿ ಕೊಳ್ಳುವವರೇ ಶೇಕಡಾ 1ರಷ್ಟನ್ನು ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕೆಂಬ ನಿಯಮ 2013ರಿಂದ ಇದೆ. ಅದನ್ನೂ ಮಾತಿನ ಹೊತ್ತಿನಲ್ಲೇ ತಿಳಿಸಿಬಿಡುವುದು ಒಳ್ಳೆಯದು. ಕೊನೆಯ ದಿನ ಕೈಗೆ ಬಂದ ಹಣ ಕಡಿಮೆಯಾಯಿತೆಂದು ಮಾರುವವರು ಮುನಿಯಲು ಆಸ್ಪದವಿರುವುದಿಲ್ಲ.

ಇಬ್ಬರಿಗೂ ಒಪ್ಪುವ ಬೆಲೆ

1882ರ ಸ್ವತ್ತು ಹಸ್ತಾಂತರ ಅಧಿನಿಯಮದ 55ನೆಯ ಪ್ರಕರಣದಲ್ಲಿ ಒಂದು ಸ್ವಾರಸ್ಯವಿದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾರದಂಥ ದೊಡ್ಡ ದೋಷ ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದು, ಮಾರುವವನಿಗೆ ಅದು ತಿಳಿದಿದ್ದರೆ ಅವನು ಅದನ್ನು ತಿಳಿಸಲೇಬೇಕು. ಇದು ಎಲ್ಲರೂ ನಿರೀಕ್ಷಿಸುವ ನಿಯಮ. ಆದರೆ ಅದೇ ಪ್ರಕರಣ ಕೊಳ್ಳುವವನಿಗೂ ಒಂದು ಕರ್ತವ್ಯವನ್ನು ವಿಧಿಸುತ್ತದೆ. ಮಾರುವವನ ಹಕ್ಕು ಅವನೇ ತಿಳಿದದ್ದಕ್ಕಿಂತ ಹೆಚ್ಚಿನದೆಂದೂ, ಅದರಿಂದ ಸ್ವತ್ತಿನ ಬೆಲೆ ಗಣನೀಯವಾಗಿ ಏರುವುದೆಂದೂ ಕೊಳ್ಳುವವನಿಗೆ ಗೊತ್ತಿದ್ದರೆ, ಅದನ್ನು ಅವನು ಮುಚ್ಚಿಡಬಾರದು. ಚೌಕಾಸಿಗೆ ಶಾಸನ ಅಡ್ಡಬರುವುದಿಲ್ಲ; ಇನ್ನೊಬ್ಬರ ಅಜ್ಞಾನವನ್ನು ಕೊಳ್ಳೆಹೊಡೆಯುವುದಕ್ಕೆ ಮಾತ್ರ ಅಡ್ಡಬರುತ್ತದೆ.

ಗಂಡನನ್ನು ಕಳೆದುಕೊಂಡು, ಬೀದಿಯ ದರವೇನೆಂದು ತಿಳಿಯದೆ, ದಲ್ಲಾಳಿ ಹೇಳಿದ ಅರ್ಧ ಬೆಲೆಗೆ ಸಹಿ ಹಾಕಲು ಕುಳಿತ ತಾಯಿಯೊಬ್ಬರು ಎದುರಾದರೆ ಏನು ಮಾಡಬೇಕೆಂಬುದನ್ನು ಯಾವ ಶಾಸನವೂ ಪೂರ್ತಿಯಾಗಿ ಹೇಳಲಾರದು. ಅಲ್ಲಿ, “ಅಮ್ಮಾ, ತಿಳಿದವರನ್ನು ಒಮ್ಮೆ ಕೇಳಿ ನೋಡಿ” ಎಂದು ಹೇಳಿ ಎದ್ದುಬಂದವರಿಗೆ ಹಣ ನಷ್ಟವಾಗಬಹುದು. ಆದರೆ ಕಣ್ಣೀರಿನಲ್ಲಿ ಕೈಬದಲಾಯಿಸಿದ ಮನೆಯಲ್ಲಿ ತಾವು ನೆಮ್ಮದಿಯಾಗಿ ಬಾಳುವೆವೆಂದು ನಂಬುವ ಸಂಸಾರಗಳು ನಮ್ಮಲ್ಲಿ ಹೆಚ್ಚಿಲ್ಲ.

ಬೆಲೆ ಗೊತ್ತಾದ ಮೇಲೆ ಅದನ್ನು ಬರಹಕ್ಕೆ ಇಳಿಸಬೇಕು. ಮುಂಗಡವೆಷ್ಟು, ಉಳಿದದ್ದು ಯಾವಾಗ, ಬಾಕಿ ತೆರಿಗೆ ಯಾರದು, ಯಾವ ಸಾಮಾನು ಮನೆಯಲ್ಲಿ ಉಳಿಯುತ್ತದೆ, ಪತ್ರದಲ್ಲಿ ದೋಷ ಕಂಡರೆ ಮುಂಗಡ ಹಿಂದಿರುಗುವುದೇ, ಬೀಗದ ಕೈ ಎಂದು—ಎಲ್ಲವೂ ಕರಾರಿನಲ್ಲಿ ಇರಬೇಕು. ಒಮ್ಮೆ ಒಪ್ಪಿದ ಬೆಲೆಯನ್ನು ನೋಂದಣಿಯ ಮುನ್ನಾದಿನ ಮತ್ತೆ ಎಳೆಯುವುದು ಸಭ್ಯರಿಗೆ ತಕ್ಕದ್ದಲ್ಲ. ಮಾರುವವರು ಹಾಗೆ ಏರಿಸಹೊರಟರೆ ಸಹಿಸದಿರುವವರು ತಾವೂ ಹಾಗೆ ಇಳಿಸಹೊರಡಬಾರದು.

ಕೊಳ್ಳುವುದು ಬರಿಯ ಗೋಡೆಗಳನ್ನಲ್ಲ. ಹಿತ್ತಿಲಿನ ತೆಂಗಿಗೆ ಯಾವ ತಿಂಗಳಲ್ಲಿ ಗೊಬ್ಬರ ಹಾಕಬೇಕು, ಸಂಪಿಗೆ ನೀರು ಯಾವ ದಿನ ಬರುತ್ತದೆ, ಮಳೆಗಾಲದಲ್ಲಿ ಯಾವ ಕಿಟಕಿ ಬಿಗಿದುಕೊಳ್ಳುತ್ತದೆ, ಪಕ್ಕದ ಮನೆಯವರಲ್ಲಿ ಕಷ್ಟಕ್ಕೆ ಆಗುವವರು ಯಾರು—ಇದನ್ನೆಲ್ಲ ಹಳೆಯ ಒಡೆಯರೇ ಹೇಳಿಕೊಡಬೇಕು. ಬೆಲೆಯ ಮಾತಿನಲ್ಲಿ ಮನಸ್ಸು ಮುರಿದಿದ್ದರೆ ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋಗುತ್ತಾರೆ. ಮಾತು ಮರ್ಯಾದೆಯಿಂದ ನಡೆದಿದ್ದರೆ ಹೊಸಬರನ್ನು ಹಿತ್ತಿಲಿಗೆ ಕರೆದೊಯ್ದು ತೆಂಗಿನ ಮರವನ್ನು ತೋರಿಸಿ ಹೋಗುತ್ತಾರೆ.